ಟ್ರಿಪ್ಟೋಫ್ಯಾನ್ ಒಡೆಯುವ ಕಿಣ್ವಗಳ ಅಧ್ಯಯನಕ್ಕೆ ಮಾನವ ಸೆಲ್ ಲೈನ್ ಸಿದ್ಧಪಡಿಸುವ ಬಗೆ: ಕರಾವಳಿಯ ಸಣ್ಣ ಪ್ರಯೋಗಾಲಯಗಳಿಗೆ

ಉತ್ತರ ಕನ್ನಡದಲ್ಲಿ ಕವಳ, ಅಂದರೆ ಎಲೆ ಅಡಿಕೆ, ಹಾಕುವುದು ಹಳೆಯ ರೂಢಿ; ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳು ಅಡಿಕೆಯನ್ನೇ ನಂಬಿಕೊಂಡಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆದ್ದರಿಂದ ಕಾರವಾರ, ಕುಮಟಾ, ಶಿರಸಿಗಳಲ್ಲಿ ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು ಬಾಯಿಯ ಕ್ಯಾನ್ಸರಿನ ಬಗ್ಗೆ, ಅದರಲ್ಲೂ ಗಡ್ಡೆಯು ದೇಹದ ರಕ್ಷಣಾ ಕೋಶಗಳಿಂದ ತಪ್ಪಿಸಿಕೊಳ್ಳುವ ಬಗೆಯ ಬಗ್ಗೆ ಕೆಲಸ ಮಾಡಬೇಕೆಂದು ಬಯಸುವುದು ಸಹಜ. ಈ ತಪ್ಪಿಸಿಕೊಳ್ಳುವಿಕೆಯಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಕಿಣ್ವಗಳಿಗೆ ಒಂದು ಪಾತ್ರವಿದೆ: ಟ್ರಿಪ್ಟೋಫ್ಯಾನ್ ಕಡಿಮೆಯಾದರೆ, ಅಥವಾ ಅದು ಒಡೆದು ಬರುವ ಕೈನುರೆನಿನ್ ಹೆಚ್ಚಾದರೆ, ಟಿ ಕೋಶಗಳೆಂಬ ರಕ್ಷಣಾ ಕೋಶಗಳ ವಿಭಜನೆ ಕುಂದಬಹುದು. ಈ ಕಿಣ್ವಗಳನ್ನು ಒಂದೊಂದಾಗಿ ಪರೀಕ್ಷಿಸಲು ಮಾನವ ಕೋಶಗಳಲ್ಲಿ ಜೀನ್ ಸೇರಿಸಿ ಅಥವಾ ತೆಗೆದು, ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಯುವ ಒಂದೇ ಮೂಲದ ಕೋಶಗಳ ಸಾಲನ್ನು, ಅಂದರೆ ಸೆಲ್ ಲೈನ್‌ಗಳನ್ನು ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಅವುಗಳಿಂದ ನಂಬಬಹುದಾದ ಉತ್ತರವನ್ನು ಹೇಗೆ ಪಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕೋಶ ಕೃಷಿಯ ಪ್ರಾಥಮಿಕ ಅಭ್ಯಾಸ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ.

ಯಾವ ಪ್ರಶ್ನೆಗೆ ಈ ಕೋಶಗಳು ಬೇಕು

ಟ್ರಿಪ್ಟೋಫ್ಯಾನ್ ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ಪ್ರೋಟೀನಿಗೆ ಸೇರದೆ ಉಳಿದ ಟ್ರಿಪ್ಟೋಫ್ಯಾನಿನ ಬಹುಪಾಲು, ಸುಮಾರು ಶೇಕಡಾ 95ರಷ್ಟು, ಕೈನುರೆನಿನ್ ಎಂಬ ಹಾದಿಯಲ್ಲಿ ಒಡೆಯುತ್ತದೆ. ಆ ಹಾದಿಯ ಮೊದಲ ಹೆಜ್ಜೆಯನ್ನು ಮೂರು ಕಿಣ್ವಗಳು ನಡೆಸಬಲ್ಲವು: ಇಂಡೋಲಮೈನ್ 2,3-ಡೈಆಕ್ಸಿಜಿನೇಸ್ 1, ಅಂದರೆ ಐಡಿಒ1, ಎಂಟನೇ ವರ್ಣತಂತುವಿನಲ್ಲಿ ಅದರ ಪಕ್ಕದಲ್ಲೇ ಇರುವ ಐಡಿಒ2, ಮತ್ತು ಸಾಮಾನ್ಯವಾಗಿ ಯಕೃತ್ತಿನಲ್ಲಿ ಕೆಲಸ ಮಾಡುವ ಟ್ರಿಪ್ಟೋಫ್ಯಾನ್ 2,3-ಡೈಆಕ್ಸಿಜಿನೇಸ್, ಅಂದರೆ ಟಿಡಿಒ. ಮೂರಕ್ಕೂ ಕಬ್ಬಿಣವಿರುವ ಹೀಮ್ ಎಂಬ ಅಣು ಬೇಕು, ಆಮ್ಲಜನಕ ಬೇಕು. ಮಾನವರ ಐಡಿಒ2 ಬಹಳ ದುರ್ಬಲವಾದುದರಿಂದ ಹೊಸದಾಗಿ ಕೆಲಸ ಆರಂಭಿಸುವವರು ಅದನ್ನು ಸದ್ಯಕ್ಕೆ ಬದಿಗಿಡುವುದೇ ಒಳ್ಳೆಯದು.

1998ರಲ್ಲಿ ಮನ್ ಮತ್ತು ಮೆಲ್ಲರ್ ಅವರ ತಂಡವು ಗರ್ಭಿಣಿ ಇಲಿಗಳಲ್ಲಿ ಐಡಿಒ ಕಿಣ್ವವನ್ನು ತಡೆದಾಗ ತಾಯಿಯ ಟಿ ಕೋಶಗಳು ಭ್ರೂಣವನ್ನು ತಿರಸ್ಕರಿಸುವುದನ್ನು ತೋರಿಸಿತು. ಮಾನವರ ಅನೇಕ ಗಡ್ಡೆಗಳಲ್ಲಿ ಐಡಿಒ1 ಇರುವುದು 2003ರಲ್ಲಿ ಪ್ರಕಟವಾಯಿತು. ಮೆದುಳಿನ ಗ್ಲಿಯೋಮಾಗಳಲ್ಲಿ ಟಿಡಿಒ ತಯಾರಿಸುವ ಕೈನುರೆನಿನ್, ಕೋಶದೊಳಗೆ ಜೀನ್ ಚಾಲೂ ಮಾಡುವ ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರ್ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ ಎಂಬುದು 2011ರಲ್ಲಿ ತಿಳಿಯಿತು. ಈ ಆಧಾರದ ಮೇಲೆ ಔಷಧಗಳು ಬಂದವು. ಆದರೆ 2018ರಲ್ಲಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳಲ್ಲಿ ಐಡಿಒ1 ತಡೆಯುವ ಎಪಕಾಡೊಸ್ಟಾಟನ್ನು, ಟಿ ಕೋಶಗಳ ಮೇಲಿನ ತಡೆ ತೆಗೆಯುವ ಪೆಂಬ್ರೊಲಿಜುಮಾಬ್ ಜೊತೆ ಕೊಟ್ಟ ಮೂರನೇ ಹಂತದ ಪರೀಕ್ಷೆಯು, ಪೆಂಬ್ರೊಲಿಜುಮಾಬ್ ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ರಯೋಜನ ತೋರಲಿಲ್ಲ. ಟಿಡಿಒ ಆ ಕೊರತೆಯನ್ನು ತುಂಬಿತೇ, ಔಷಧದ ಪ್ರಮಾಣ ಸಾಲದಾಯಿತೇ, ಅಥವಾ ಐಡಿಒ1 ಆ ಗಡ್ಡೆಗಳಲ್ಲಿ ಮುಖ್ಯ ಕಾರಣವೇ ಆಗಿರಲಿಲ್ಲವೇ ಎಂಬ ಚರ್ಚೆ ಅಲ್ಲಿಂದ ಬೆಳೆಯಿತು. ಇಂಥ ಪ್ರಶ್ನೆಗಳನ್ನು ಬಿಡಿಸಿ ನೋಡುವುದಕ್ಕಾಗಿಯೇ ಒಂದೇ ಕಿಣ್ವದ ವ್ಯತ್ಯಾಸವಿರುವ ಕೋಶಗಳು ಬೇಕಾಗುತ್ತವೆ.

ಸಾಧಾರಣ ಕ್ಯಾನ್ಸರ್ ಕೋಶಗಳಲ್ಲಿ ಐಡಿಒ1 ಬರಿಸಲು ಇಂಟರ್‌ಫೆರಾನ್ ಗಾಮಾ (ರಕ್ಷಣಾ ಕೋಶಗಳ ಸಂಕೇತ ಪ್ರೋಟೀನ್) ಹಾಕುತ್ತಾರೆ. ಅದು ಸುಲಭ, ಆದರೆ ಇಂಟರ್‌ಫೆರಾನ್ ಐಡಿಒ1 ಒಂದನ್ನೇ ಏರಿಸುವುದಿಲ್ಲ. ಅದೇ ಹೊತ್ತಿಗೆ ಟಿ ಕೋಶವನ್ನು ತಡೆಯುವ ಪಿಡಿ-ಎಲ್1 ಏರುತ್ತದೆ, ಕೋಶದ ಗುರುತನ್ನು ಟಿ ಕೋಶಕ್ಕೆ ತೋರಿಸುವ ಎಂಎಚ್‌ಸಿ ಅಣುಗಳು ಏರುತ್ತವೆ, ಟ್ರಿಪ್ಟೋಫ್ಯಾನನ್ನು ಟಿಆರ್‌ಎನ್‌ಎಗೆ ಜೋಡಿಸುವ ಕಿಣ್ವವೂ ಏರುತ್ತದೆ. ಇಂಥ ಕೋಶಗಳ ಎದುರು ಟಿ ಕೋಶ ಸುಮ್ಮನಾದರೆ ಅದು ಯಾವುದರ ಪರಿಣಾಮ ಎಂದು ಹೇಳಲಾಗದು. ಜೀನ್ ಸೇರಿಸಿದ ಕೋಶದಲ್ಲಿ ಇಂಟರ್‌ಫೆರಾನ್ ಇಲ್ಲದೆಯೇ ಕಿಣ್ವವನ್ನು ಬರಿಸಬಹುದು. ಈ ವಿಧಾನದ ಬೆಲೆ ಇರುವುದು ಇಲ್ಲಿಯೇ: ಎರಡು ಕೋಶಗಳ ನಡುವೆ ಒಂದೇ ಒಂದು ವ್ಯತ್ಯಾಸ ಉಳಿಯಬೇಕು. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಆ ಒಂದೇ ವ್ಯತ್ಯಾಸವನ್ನು ಕಾಪಾಡುವುದಕ್ಕಾಗಿ ಇದೆ.

ಮೊದಲು ಅನುಮತಿ, ಆಮೇಲೆ ಕೋಶ

ಜೀನ್ ಮಾರ್ಪಾಡಿನ ಕೆಲಸ ಆರಂಭಿಸುವ ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಕಡ್ಡಾಯ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯನ್ನು ತರಿಸಿಕೊಂಡು ಪೂರ್ತಿ ಓದಬೇಕು. ಮಾನವ ಕೋಶಗಳು ಮತ್ತು ಜೀನ್ ಹೊತ್ತೊಯ್ಯುವ ಲೆಂಟಿವೈರಸ್ ಎರಡಕ್ಕೂ ಎರಡನೇ ಹಂತದ ಸುರಕ್ಷತೆ, ಎರಡನೇ ವರ್ಗದ ಬಯೋಸೇಫ್ಟಿ ಕ್ಯಾಬಿನೆಟ್ ಮತ್ತು ಆಟೋಕ್ಲೇವ್ ಇರಲೇಬೇಕು. ಟಿ ಕೋಶಗಳಿಗಾಗಿ ಮನುಷ್ಯರ ರಕ್ತ ತೆಗೆದುಕೊಳ್ಳುವುದಾದರೆ ನೈತಿಕ ಸಮಿತಿಯ ಅನುಮತಿಯೂ ರಕ್ತ ಕೊಡುವವರ ಲಿಖಿತ ಒಪ್ಪಿಗೆಯೂ ಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನೊಂದಿಗೆ ಸೇರಿ ಯೋಜನೆ ರೂಪಿಸಿದರೆ ಈ ಭಾಗ ಹಗುರವಾಗುತ್ತದೆ. ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಂಥ ಗುರುತಿರುವ ಮೂಲದಿಂದ ತರಿಸಬೇಕು. ಪರಿಚಯದ ಪ್ರಯೋಗಾಲಯದಿಂದ ಫ್ಲಾಸ್ಕಿನಲ್ಲಿ ತಂದ ಕೋಶ ಎಷ್ಟೇ ಚೆನ್ನಾಗಿ ಬೆಳೆಯುತ್ತಿದ್ದರೂ ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆಯಿಂದ ಗುರುತು ಖಚಿತವಾಗುವ ತನಕ ಅದರ ಮೇಲೆ ಹಣ ಹಾಕಬಾರದು, ಏಕೆಂದರೆ ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಹೀಲಾ ಕೋಶಗಳು ಬೇರೆ ಸೆಲ್ ಲೈನ್‌ಗಳೊಳಗೆ ನುಸುಳಿ ಅವುಗಳ ಹೆಸರಿನಲ್ಲೇ ದಶಕಗಳ ಕಾಲ ಬದುಕಿದ ಉದಾಹರಣೆಗಳು ಬಹಳ.

ಯಾವ ಕೋಶದಿಂದ ಆರಂಭಿಸಬೇಕು ಎಂಬುದು ಪ್ರಶ್ನೆಯನ್ನು ಅವಲಂಬಿಸಿದೆ. ಕಿಣ್ವದ ಕೆಲಸವನ್ನೂ ತಡೆ ಔಷಧವನ್ನೂ ಅಳೆಯುವುದೇ ಗುರಿಯಾದರೆ ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದ ಹೆಕ್293 ಉತ್ತಮ: ಸುಲಭವಾಗಿ ಬೆಳೆಯುತ್ತದೆ, ಹೊರಗಿನ ಡಿಎನ್‌ಎಯನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ತನ್ನದೇ ಆದ ಟ್ರಿಪ್ಟೋಫ್ಯಾನ್ ಒಡೆಯುವ ಕೆಲಸ ಅದರಲ್ಲಿ ತೀರ ಕಡಿಮೆ. ಜೀನ್ ತೆಗೆದು ನೋಡುವುದಾದರೆ ಇಂಟರ್‌ಫೆರಾನಿಗೆ ಬಲವಾಗಿ ಸ್ಪಂದಿಸುವ ಹೀಲಾ, ಅಥವಾ ಅಂಡಾಶಯದ ಕ್ಯಾನ್ಸರಿನ ಎಸ್‌ಕೆಒವಿ-3 ಐಡಿಒ1ಗೆ ಒದಗುತ್ತವೆ. ಟಿಡಿಒಗೆ ಗ್ಲಿಯೋಬ್ಲಾಸ್ಟೋಮಾದ ಎ172 ಕೋಶವಿದೆ. ಬಾಯಿಯ ಕ್ಯಾನ್ಸರಿನ ಬಗ್ಗೆಯೇ ಮಾತನಾಡಬೇಕೆಂದಿದ್ದರೆ ನಾಲಗೆಯ ಗಡ್ಡೆಯಿಂದ ಬಂದ ಕ್ಯಾಲ್ 27ರಂಥ ಕೋಶವನ್ನು ಎರಡನೆಯದಾಗಿ ಸೇರಿಸಿಕೊಳ್ಳಬಹುದು, ಆದರೆ ವಿಧಾನವನ್ನು ಹೆಕ್293ರಲ್ಲಿ ಕೈಗೆ ಹತ್ತಿಸಿಕೊಂಡ ಮೇಲೆ.

ಜೀನ್ ಸೇರಿಸುವುದು

ಎರಡು ದಾರಿಗಳಿವೆ. ಲೆಂಟಿವೈರಸ್ ಯಾವುದೇ ಕೋಶಕ್ಕೂ ಹೊಂದುತ್ತದೆ. ಆದರೆ ಜೀನ್ ಎಲ್ಲಿ ಕೂರುತ್ತದೆ, ಎಷ್ಟು ಪ್ರತಿ ಕೂರುತ್ತದೆ ಎಂಬುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ವೈರಸ್ಸನ್ನು ತೆಳುವಾಗಿ ಬಳಸಿ, ಮೂರರಲ್ಲಿ ಒಂದಕ್ಕಿಂತ ಕಡಿಮೆ ಕೋಶಗಳಿಗೆ ಸೋಂಕು ತಗಲುವಂತೆ ನೋಡಿಕೊಂಡರೆ ಹೆಚ್ಚಿನವುಗಳಲ್ಲಿ ಒಂದೇ ಪ್ರತಿ ಇರುತ್ತದೆ. ಎರಡನೆಯದು ಫ್ಲಿಪ್-ಇನ್ ಟಿ-ರೆಕ್ಸ್ 293 ಕೋಶಗಳ ದಾರಿ. ಅವುಗಳಲ್ಲಿ ಜೀನ್ ಕೂರುವ ಜಾಗ ಮೊದಲೇ ನಿಗದಿಯಾಗಿರುತ್ತದೆ; ಆದ್ದರಿಂದ ಸಹಜ ಐಡಿಒ1, ಕೆಲಸ ಮಾಡದಂತೆ ಮಾರ್ಪಡಿಸಿದ ಐಡಿಒ1, ಟಿಡಿಒ ಈ ಮೂರರ ಜೀನೂ ಒಂದೇ ಸ್ಥಾನದಲ್ಲಿ, ಜೀನ್ ಓದುವುದನ್ನು ಆರಂಭಿಸುವ ಒಂದೇ ಪ್ರಮೋಟರಿನ ಕೆಳಗೆ ಕೂರುತ್ತವೆ. ಹೋಲಿಕೆಯೇ ನಮ್ಮ ಕೆಲಸದ ಜೀವಾಳವಾದುದರಿಂದ, ಆರಂಭದ ಖರ್ಚು ಹೆಚ್ಚಾದರೂ ಈ ಎರಡನೆಯ ದಾರಿಯನ್ನೇ ನಾನು ಸೂಚಿಸುತ್ತೇನೆ.

ಈ ದಾರಿಯಲ್ಲಿ ಜೀನ್ ಇರುವ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಒಂದು ಪಾಲಿಗೆ, ಜೀನನ್ನು ನಿಗದಿತ ಜಾಗಕ್ಕೆ ಕೂರಿಸುವ ಫ್ಲಿಪ್ ರಿಕಾಂಬಿನೇಸ್ ಕಿಣ್ವ ಕೊಡುವ ಪ್ಲಾಸ್ಮಿಡ್ ಒಂಬತ್ತು ಪಾಲು ಬೆರೆಸಿ ಕೋಶಗಳಿಗೆ ಕೊಡಬೇಕು. ಎರಡು ದಿನಗಳ ನಂತರ ಕೋಶಗಳನ್ನು ವಿರಳವಾಗಿ ಹರಡಿ ಹೈಗ್ರೊಮೈಸಿನ್ ಆರಂಭಿಸಬೇಕು. ಹೆಕ್293ಕ್ಕೆ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 100ರಿಂದ 200 ಮೈಕ್ರೊಗ್ರಾಂ ಸಾಕಾಗುತ್ತದೆ, ಆದರೂ ನಿಮ್ಮ ಕೋಶ ಯಾವ ಪ್ರಮಾಣಕ್ಕೆ ಸಾಯುತ್ತದೆ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಜೀನ್ ಸರಿಯಾದ ಜಾಗದಲ್ಲಿ ಕೂತ ಕೋಶಗಳು ಹೈಗ್ರೊಮೈಸಿನಿಗೆ ಜಗ್ಗದೆ, ಮೊದಲು ತಾಳಿಕೊಳ್ಳುತ್ತಿದ್ದ ಜಿಯೊಸಿನಿಗೆ ಸಾಯತೊಡಗುತ್ತವೆ. ಈ ಎರಡು ಗುರುತುಗಳನ್ನೂ ನೋಡಿದ ಮೇಲಷ್ಟೇ ಮುಂದುವರಿಯಬೇಕು. ಹೆಕ್293ರ ಇನ್ನೊಂದು ರೂಪವಾದ ಹೆಕ್293ಟಿ ಬಳಸುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ಅದರಲ್ಲಿ ನಿಯೊಮೈಸಿನ್ ನಿರೋಧಕ ಜೀನ್ ಮೊದಲೇ ಇರುವುದರಿಂದ ನಿಯೊಮೈಸಿನ್ ಜಾತಿಯ ಔಷಧವಾದ ಜಿ418 ಹಾಕಿ ಆಯ್ಕೆ ಮಾಡಲು ಬರುವುದಿಲ್ಲ.

ಕಿಣ್ವವನ್ನು ಡಾಕ್ಸಿಸೈಕ್ಲಿನ್ ಹಾಕಿದಾಗ ಮಾತ್ರ ಬರುವಂತೆ ಕಟ್ಟುವುದು ಬಹಳ ಮುಖ್ಯ. ಸದಾ ಟ್ರಿಪ್ಟೋಫ್ಯಾನ್ ಕರಗಿಸುತ್ತಿರುವ ಕೋಶಗಳು ತಾವೇ ಹಸಿವಿನಲ್ಲಿ ಬೆಳೆಯುತ್ತವೆ. ಕೆಲವು ವಾರಗಳಲ್ಲಿ ಕಡಿಮೆ ಕಿಣ್ವ ತಯಾರಿಸುವ ಕೋಶಗಳೇ ಮೇಲುಗೈ ಪಡೆದು ಸೆಲ್ ಲೈನಿನ ಗುಣವೇ ಬದಲಾಗುತ್ತದೆ. ಪ್ರತಿ ಮಿಲಿಲೀಟರಿಗೆ 0.1ರಿಂದ 1 ಮೈಕ್ರೊಗ್ರಾಂ ಡಾಕ್ಸಿಸೈಕ್ಲಿನ್ ಸಾಕು. ಡಾಕ್ಸಿಸೈಕ್ಲಿನ್ ಹೆಚ್ಚಾದರೆ ಮೈಟೊಕಾಂಡ್ರಿಯಾದ ಪ್ರೋಟೀನ್ ತಯಾರಿಕೆಯನ್ನು ಕುಂದಿಸುತ್ತದೆಯಾದ್ದರಿಂದ ಹೋಲಿಕೆಯ ಕೋಶಗಳಿಗೂ ಅಷ್ಟೇ ಪ್ರಮಾಣ ಹಾಕಬೇಕು. ಸೀರಂ ಕೊಳ್ಳುವಾಗ, ಡಾಕ್ಸಿಸೈಕ್ಲಿನ್ ಗುಂಪಿನದೇ ಆದ ಟೆಟ್ರಾಸೈಕ್ಲಿನ್ ಇಲ್ಲದ್ದೆಂದು ಪರೀಕ್ಷಿಸಿದ ಬ್ಯಾಚನ್ನು ಕೇಳಿ ಪಡೆಯಬೇಕು. ಸೀರಂ ತೆಗೆಯುವ ದನಕರುಗಳಿಗೆ ಆ ಔಷಧ ಕೊಟ್ಟಿದ್ದರೆ ಸೀರಂನಲ್ಲಿ ಅದರ ಅಂಶ ಉಳಿದು, ಜೀನ್ ಮುಚ್ಚಿರಬೇಕಾದಾಗಲೂ ಕಿಣ್ವ ಸ್ವಲ್ಪಸ್ವಲ್ಪ ಬರುತ್ತಿರುತ್ತದೆ.

ಕಟ್ಟಬೇಕಾದ ಸೆಲ್ ಲೈನ್‌ಗಳು ಕನಿಷ್ಠ ನಾಲ್ಕು: ಖಾಲಿ ಪ್ಲಾಸ್ಮಿಡ್ ಕೂತದ್ದು, ಸಹಜ ಐಡಿಒ1 ಇರುವುದು, ಕೆಲಸ ಕಳೆದುಕೊಂಡ ಐಡಿಒ1 ಇರುವುದು, ಸಹಜ ಟಿಡಿಒ ಇರುವುದು. ಮಾನವ ಐಡಿಒ1ರಲ್ಲಿ ಹೀಮನ್ನು ಹಿಡಿದಿಡುವುದು 346ನೇ ಸ್ಥಾನದ ಹಿಸ್ಟಿಡಿನ್. ಅದನ್ನು ಅಲನಿನ್ ಮಾಡಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಖಾಲಿ ಪ್ಲಾಸ್ಮಿಡ್ ಇರುವಾಗ ನಿಷ್ಕ್ರಿಯ ಕಿಣ್ವವೂ ಏಕೆ ಬೇಕು ಎಂದು ಕೇಳಬಹುದು. ಐಡಿಒ1 ಕೇವಲ ಕಿಣ್ವವಲ್ಲ. ಅದರ ಕೆಲವು ಟೈರೋಸಿನ್‌ಗಳಿಗೆ ಫಾಸ್ಫೇಟ್ ಸೇರಿದಾಗ ಅದು ಡೆಂಡ್ರೈಟಿಕ್ ಕೋಶಗಳೆಂಬ ರಕ್ಷಣಾ ಕೋಶಗಳಲ್ಲಿ ಸಂಕೇತ ರವಾನಿಸುವ ಅಣುವಿನಂತೆಯೂ ವರ್ತಿಸುತ್ತದೆ ಎಂದು 2011ರಲ್ಲಿ ತೋರಿಸಲಾಗಿದೆ. ಖಾಲಿ ಕೋಶಕ್ಕೂ ನಿಷ್ಕ್ರಿಯ ಕಿಣ್ವದ ಕೋಶಕ್ಕೂ ನಡುವೆ ವ್ಯತ್ಯಾಸ ಕಂಡರೆ ಅದು ಪ್ರೋಟೀನಿನ ಇರುವಿಕೆಯಿಂದ ಬಂದದ್ದು. ನಿಷ್ಕ್ರಿಯಕ್ಕೂ ಸಹಜಕ್ಕೂ ನಡುವಿನ ವ್ಯತ್ಯಾಸವಷ್ಟೇ ಟ್ರಿಪ್ಟೋಫ್ಯಾನ್ ಒಡೆಯುವುದರಿಂದ ಬಂದದ್ದು.

ಜೀನ್ ತೆಗೆಯುವುದು

ಕ್ರಿಸ್ಪರ್-ಕ್ಯಾಸ್9 ಎಂಬ ಜೀನ್ ಕತ್ತರಿಸುವ ವಿಧಾನದ ವಿವರ ಬೇರೆಡೆ ಸಿಗುತ್ತದೆ. ಈ ಕಿಣ್ವಗಳಿಗೆ ವಿಶೇಷವಾದ ಮೂರು ಮಾತುಗಳನ್ನಷ್ಟೇ ಹೇಳುತ್ತೇನೆ. ಮೊದಲನೆಯದಾಗಿ, ಹೀಲಾ ಕೋಶದಲ್ಲಿ ವರ್ಣತಂತುಗಳ ಸಂಖ್ಯೆ 46 ಅಲ್ಲ, 76ರಿಂದ 80ರವರೆಗೆ ಇರುತ್ತದೆ. ಐಡಿಒ1 ಜೀನಿನ ಪ್ರತಿಗಳು ಎರಡಕ್ಕಿಂತ ಹೆಚ್ಚಿರಬಹುದಾದುದರಿಂದ ಒಂದು ಪ್ರತಿ ಉಳಿದುಕೊಂಡರೂ ಕಿಣ್ವ ಉಳಿಯುತ್ತದೆ. ಡಿಎನ್‌ಎ ಅನುಕ್ರಮದ ಗ್ರಾಫನ್ನು ಕಣ್ಣಳತೆಯಲ್ಲಿ ಓದದೆ, ಪ್ರತಿಗಳನ್ನು ಬಿಡಿಬಿಡಿಯಾಗಿ ಕ್ಲೋನ್ ಮಾಡಿ ಓದಿಸಬೇಕು. ಎರಡನೆಯದಾಗಿ, ಹೀಲಾದಲ್ಲಿ ಇಂಟರ್‌ಫೆರಾನ್ ಹಾಕದೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಪ್ರತಿಕಾಯದಿಂದ ಗುರುತಿಸಿ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾಡಿದರೆ ಸಹಜ ಕೋಶದಲ್ಲೂ ಐಡಿಒ1 ಪಟ್ಟಿ ಕಾಣುವುದಿಲ್ಲ. ಪಟ್ಟಿ ಇಲ್ಲವೆಂದ ಮಾತ್ರಕ್ಕೆ ಜೀನ್ ಹೋಗಿದೆ ಎಂದು ಸಂಭ್ರಮಿಸಬಾರದು. ಪ್ರತಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಮಾನವ ಇಂಟರ್‌ಫೆರಾನ್ ಗಾಮಾ 48 ತಾಸು ಕೊಟ್ಟ ಬಳಿಕ, ಸಹಜ ಕೋಶದಲ್ಲಿ ಸುಮಾರು 45 ಕಿಲೋಡಾಲ್ಟನ್ ಪಟ್ಟಿ ಗಾಢವಾಗಿ ಬಂದು, ಜೀನ್ ತೆಗೆದ ಒಂದೇ ಕೋಶದಿಂದ ಬೆಳೆಸಿದ ಕ್ಲೋನಿನಲ್ಲಿ ಪೂರ್ತಿ ಇಲ್ಲದಿದ್ದರೆ ಮಾತ್ರ ನಂಬಬೇಕು. ಇಲಿಯ ಇಂಟರ್‌ಫೆರಾನ್ ಮಾನವ ಕೋಶಕ್ಕೆ ತಾಗುವುದಿಲ್ಲ ಎಂಬುದನ್ನು ಆರ್ಡರ್ ಮಾಡುವಾಗ ಗಮನಿಸಬೇಕು. ಮೂರನೆಯದಾಗಿ, ಒಂದೇ ಕ್ಲೋನಿನ ಮೇಲೆ ನಿರ್ಣಯ ಕಟ್ಟಬಾರದು. ಪ್ರತಿ ಕುಳಿಗೆ ಸರಾಸರಿ ಅರ್ಧ ಕೋಶ ಬೀಳುವಂತೆ ತೆಳುಗೊಳಿಸಿ ಬೆಳೆಸಿದ ಮೂರು ಸ್ವತಂತ್ರ ಕ್ಲೋನ್‌ಗಳಾದರೂ ಬೇಕು, ಮತ್ತು ಅವುಗಳಲ್ಲಿ ಒಂದಕ್ಕೆ ಐಡಿಒ1 ಮರಳಿ ಸೇರಿಸಿದಾಗ ಗುಣವೂ ಮರಳಿ ಬರಬೇಕು.

ಕೈನುರೆನಿನ್ ಅಳೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದು. ಅದೃಷ್ಟವಶಾತ್ ದುಬಾರಿ ಯಂತ್ರವಿಲ್ಲದೆ ಕಾರವಾರದಲ್ಲೇ ಕುಳಿತು ಮಾಡಬಹುದಾದ ಭಾಗವೂ ಇದೇ. ವೆಸ್ಟರ್ನ್ ಬ್ಲಾಟ್ ಪ್ರೋಟೀನ್ ಇದೆ ಎಂದಷ್ಟೇ ಹೇಳುತ್ತದೆ. ಅದರೊಳಗೆ ಹೀಮ್ ಕೂತಿದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ಕೋಶದೊಳಗಿನ ಐಡಿಒ1ರಲ್ಲಿ ಗಣನೀಯ ಪಾಲು ಹೀಮ್ ಇಲ್ಲದೆಯೇ ಇರಬಹುದು, ಜೀನನ್ನು ಅತಿಯಾಗಿ ಬರಿಸಿದಾಗ ಇದು ಇನ್ನೂ ಹೆಚ್ಚು. ಆದ್ದರಿಂದ ಪ್ರೋಟೀನಿನ ಪ್ರಮಾಣವನ್ನೂ ಕೆಲಸದ ಪ್ರಮಾಣವನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು.

ಅಳೆಯುವ ಕ್ರಮ ಹೀಗಿದೆ. 96 ಕುಳಿಗಳ ಪ್ಲೇಟಿನಲ್ಲಿ, ಹೀಲಾ ಆದರೆ ಪ್ರತಿ ಕುಳಿಗೆ 5,000 ಕೋಶಗಳಂತೆ ಬಿತ್ತಿ, ಮರುದಿನ ಇಂಟರ್‌ಫೆರಾನ್ ಸೇರಿಸಿದ 200 ಮೈಕ್ರೊಲೀಟರ್ ಹೊಸ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಹಾಕಬೇಕು. ಹೆಕ್293ಕ್ಕೆ ಇಂಟರ್‌ಫೆರಾನ್ ಬದಲು ಡಾಕ್ಸಿಸೈಕ್ಲಿನ್, ಕೋಶಗಳ ಸಂಖ್ಯೆಯನ್ನು ನೀವೇ ಹೊಂದಿಸಿಕೊಳ್ಳಬೇಕು. ನಿಗದಿತ ಸಮಯದ ನಂತರ 140 ಮೈಕ್ರೊಲೀಟರ್ ದ್ರವವನ್ನು ಬೇರೆ ಪ್ಲೇಟಿಗೆ ತೆಗೆದು, 6.1 ನಾರ್ಮಲ್ ಟ್ರೈಕ್ಲೋರೊಅಸಿಟಿಕ್ ಆಮ್ಲ 10 ಮೈಕ್ರೊಲೀಟರ್ ಸೇರಿಸಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಬೇಕು. ಕಿಣ್ವವು ನೇರವಾಗಿ ತಯಾರಿಸುವುದು ಎನ್-ಫಾರ್ಮೈಲ್ ಕೈನುರೆನಿನನ್ನು. ಈ ಬಿಸಿ ಆಮ್ಲದಲ್ಲಿ ಉಳಿದದ್ದೂ ಕೈನುರೆನಿನ್ ಆಗುತ್ತದೆ, ಸೀರಂನ ಪ್ರೋಟೀನ್ ಹೆಪ್ಪುಗಟ್ಟಿ ಕೆಳಗೆ ಕೂರುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ತಿಳಿಯಾದ 100 ಮೈಕ್ರೊಲೀಟರಿಗೆ ಅಷ್ಟೇ ಪ್ರಮಾಣದ ಎರ್ಲಿಶ್ ದ್ರಾವಣ, ಅಂದರೆ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಶೇಕಡಾ 2ರ ಪ್ಯಾರಾ-ಡೈಮೀಥೈಲ್‌ಅಮೈನೊಬೆಂಜಾಲ್ಡಿಹೈಡ್, ಸೇರಿಸಿದರೆ ಹಳದಿ ಬಣ್ಣ ಬರುತ್ತದೆ. ಪ್ಲೇಟ್ ರೀಡರಿನಲ್ಲಿ 480 ನ್ಯಾನೊಮೀಟರ್‌ನಲ್ಲಿ ಓದಬೇಕು. ಎರ್ಲಿಶ್ ದ್ರಾವಣವನ್ನು ಅಂದಂದೇ ತಯಾರಿಸಿ ಕತ್ತಲಲ್ಲಿಡಬೇಕು. ಆಮ್ಲಗಳ ಕೆಲಸವೆಲ್ಲ ಫ್ಯೂಮ್ ಹುಡ್‌ನ ಒಳಗೇ ನಡೆಯಬೇಕು.

ಬಣ್ಣವನ್ನು ಸಂಖ್ಯೆಯಾಗಿಸಲು ಶುದ್ಧ ಕೈನುರೆನಿನನ್ನು ಸೊನ್ನೆಯಿಂದ 100 ಮೈಕ್ರೊಮೋಲಾರ್‌ವರೆಗೆ ಹಂತಹಂತವಾಗಿ ಕರಗಿಸಿ ಅಳೆಯಬೇಕು. ಆದರೆ ನೀರಿನಲ್ಲಲ್ಲ, ಅದೇ ಸೀರಂ ಸೇರಿದ ಅದೇ ಮೀಡಿಯಂನಲ್ಲಿ. ಮೀಡಿಯಂನ ಫೀನಾಲ್ ರೆಡ್ ಆಮ್ಲದಲ್ಲಿ ಹಳದಿಯಾಗುತ್ತದೆ, ಎರ್ಲಿಶ್ ದ್ರಾವಣವು ಇತರ ಅರೋಮ್ಯಾಟಿಕ್ ಅಮೈನ್‌ಗಳ ಜೊತೆಗೂ ಬಣ್ಣ ಕೊಡುತ್ತದೆ. ಪರೀಕ್ಷಿಸುವ ಔಷಧವೇ ಅಮೈನ್ ಆಗಿದ್ದರೆ ಕೋಶವಿಲ್ಲದ ಕುಳಿಯಲ್ಲಿ ಔಷಧವನ್ನಷ್ಟೇ ಹಾಕಿ ಅದರ ಬಣ್ಣವನ್ನು ಮೊದಲು ನೋಡಬೇಕು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಆರ್‌ಪಿಎಂಐ 1640 ಮೀಡಿಯಂನಲ್ಲಿ ಲೀಟರಿಗೆ 5 ಮಿಲಿಗ್ರಾಂ ಟ್ರಿಪ್ಟೋಫ್ಯಾನ್ ಇರುತ್ತದೆ, ಅಂದರೆ ಸುಮಾರು 24.5 ಮೈಕ್ರೊಮೋಲಾರ್. ಡಿಎಂಇಎಂನಲ್ಲಿ 16 ಮಿಲಿಗ್ರಾಂ, ಅಂದರೆ ಸುಮಾರು 78 ಮೈಕ್ರೊಮೋಲಾರ್. ಒಂದೇ ಕೋಶವನ್ನು ಎರಡು ಮೀಡಿಯಂಗಳಲ್ಲಿ ಬೆಳೆಸಿದರೆ ಮೂರು ಪಟ್ಟು ವ್ಯತ್ಯಾಸ ಬರಬಹುದು, ಕಿಣ್ವದಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ. ಆರ್‌ಪಿಎಂಐ ಇರುವ 200 ಮೈಕ್ರೊಲೀಟರ್ ಕುಳಿಯಲ್ಲಿ ಒಟ್ಟು ಇರುವುದು ಸುಮಾರು 5 ನ್ಯಾನೊಮೋಲ್ ಮಾತ್ರ. ಅದು ಮುಗಿದ ಮೇಲೆ ಕೋಶ ಎಷ್ಟೇ ಕಿಣ್ವ ತಯಾರಿಸಿದರೂ ಕೈನುರೆನಿನ್ ಏರುವುದಿಲ್ಲ.

ತಡೆ ಔಷಧವನ್ನು ಅಳೆಯುವಾಗ ಇದು ದೊಡ್ಡ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ. ಔಷಧವಿಲ್ಲದ ಕುಳಿಯಲ್ಲಿ ಟ್ರಿಪ್ಟೋಫ್ಯಾನ್ 12 ತಾಸಿನಲ್ಲಿ ಖಾಲಿಯಾಯಿತು ಎಂದಿಟ್ಟುಕೊಳ್ಳಿ. ಕಿಣ್ವದ ವೇಗವನ್ನು ಅರ್ಧಕ್ಕಿಳಿಸುವ ಔಷಧವಿದ್ದ ಕುಳಿಯಲ್ಲಿ ಅದು 24 ತಾಸಿನಲ್ಲಿ ಖಾಲಿಯಾಗುತ್ತದೆ. 24 ತಾಸಿಗೆ ಅಳೆದವರಿಗೆ ಎರಡೂ ಕುಳಿಗಳಲ್ಲಿ ಒಂದೇ ಹಳದಿ ಕಾಣುತ್ತದೆ, ಔಷಧ ನಿಷ್ಪ್ರಯೋಜಕ ಎಂದು ಬರೆದಿಡುತ್ತಾರೆ. ಇದನ್ನು ತಪ್ಪಿಸಲು ಮೊದಲ ಪ್ರಯೋಗ ಯಾವಾಗಲೂ ಸಮಯದ ಪ್ರಯೋಗವೇ ಆಗಿರಬೇಕು: 2, 4, 8, 12, 24, 48 ತಾಸುಗಳಲ್ಲಿ ಅಳೆದು, ಟ್ರಿಪ್ಟೋಫ್ಯಾನಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಖರ್ಚಾಗಿ ಗೆರೆ ಇನ್ನೂ ನೇರವಾಗಿರುವ ಅವಧಿಯನ್ನು ಆರಿಸಬೇಕು. ಬಣ್ಣ ಸಾಲದೆ ಬಂದರೆ ಸಮಯವನ್ನು ಎಳೆಯುವ ಬದಲು, ಮೀಡಿಯಂಗೆ ಟ್ರಿಪ್ಟೋಫ್ಯಾನ್ ಸೇರಿಸಿ 100 ಮೈಕ್ರೊಮೋಲಾರ್ ತನಕ ಏರಿಸಬಹುದು. ಹಾಗೆ ಮಾಡಿದ್ದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಟ್ರಿಪ್ಟೋಫ್ಯಾನಿನೊಂದಿಗೇ ಪೈಪೋಟಿ ಮಾಡಿ ತಡೆಯುವ ಔಷಧದ ಬಲ ಆಗ ಕಡಿಮೆಯಾಗಿ ಕಾಣುತ್ತದೆ. ಟಿಡಿಒಗೆ ಟ್ರಿಪ್ಟೋಫ್ಯಾನಿನ ಮೇಲಿನ ಸೆಳೆತ ಐಡಿಒ1ಕ್ಕಿಂತ ಕಡಿಮೆಯಾದುದರಿಂದ, ಕಡಿಮೆ ಟ್ರಿಪ್ಟೋಫ್ಯಾನ್ ಇರುವ ಮೀಡಿಯಂನಲ್ಲಿ ಎರಡನ್ನೂ ಹೋಲಿಸುವುದು ಟಿಡಿಒಗೆ ನ್ಯಾಯವಲ್ಲ.

ಪ್ರತಿ ಕುಳಿಯ ಓದನ್ನು ಅದರಲ್ಲಿ ಬದುಕಿರುವ ಕೋಶಗಳ ಸಂಖ್ಯೆಗೆ ಭಾಗಿಸಬೇಕು. ದ್ರವ ತೆಗೆದ ಮೇಲೆ ಅದೇ ಕುಳಿಗೆ, ಬದುಕಿರುವ ಕೋಶಗಳಿದ್ದರೆ ಬಣ್ಣ ಬದಲಿಸುವ ರೆಸಾಜುರಿನ್ ಹಾಕಿದರೆ ಈ ಅಳತೆ ಸಿಗುತ್ತದೆ. ಕೋಶವನ್ನು ಕೊಂದ ಔಷಧವೂ ಕೈನುರೆನಿನನ್ನು ತಗ್ಗಿಸುತ್ತದೆ, ಅದನ್ನು ತಡೆ ಎಂದು ಕರೆಯಬಾರದು.

ಪರೀಕ್ಷೆ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಲು ತಿಳಿದ ಔಷಧಗಳನ್ನು ಬಳಸಬೇಕು. ಎಪಕಾಡೊಸ್ಟಾಟ್ ಹೀಲಾ ಕೋಶದ ಐಡಿಒ1ರನ್ನು ನ್ಯಾನೊಮೋಲಾರ್ ಪ್ರಮಾಣದಲ್ಲೇ ತಡೆಯಬೇಕು, ಟಿಡಿಒವನ್ನು ಆ ಪ್ರಮಾಣದಲ್ಲಿ ಮುಟ್ಟಬಾರದು. 680ಸಿ91 ಟಿಡಿಒವನ್ನು ತಡೆಯಬೇಕು, ಐಡಿಒ1ರನ್ನು ಬಿಡಬೇಕು. ಈ ನಾಲ್ಕು ಫಲಿತಾಂಶಗಳು ಹೊಂದದಿದ್ದರೆ ಸೆಲ್ ಲೈನ್‌ಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡಬೇಕು. ಹೀಮ್ ಇಲ್ಲದ ಐಡಿಒ1ಗೆ ಅಂಟಿಕೊಳ್ಳುವ ಲಿನ್ರೊಡೊಸ್ಟಾಟಿನಂಥ ಔಷಧಗಳು ನಿಧಾನವಾಗಿ ಕೆಲಸ ಮಾಡುತ್ತವೆ; ಅವುಗಳಿಗೆ ಕೋಶಗಳನ್ನು ಮೊದಲೇ ಒಡ್ಡಿ ಕಾಯಬೇಕು. ಹಳೆಯ 1-ಮೀಥೈಲ್ ಟ್ರಿಪ್ಟೋಫ್ಯಾನಿನ ವಿಷಯದಲ್ಲಿ ಬಾಟಲಿಯ ಮೇಲಿನ ಅಕ್ಷರವನ್ನು ಓದಬೇಕು: ಎಲ್ ರೂಪ ಐಡಿಒ1ರನ್ನು ತಡೆಯುತ್ತದೆ, ಇಂಡಾಕ್ಸಿಮಾಡ್ ಎಂದು ಹೆಸರಾದ ಡಿ ರೂಪ ಕಿಣ್ವವನ್ನು ನೇರವಾಗಿ ತಡೆಯುವುದಿಲ್ಲ.

ಹಳದಿ ಬಣ್ಣದ ಪರೀಕ್ಷೆ ಕೆಲವೇ ಮೈಕ್ರೊಮೋಲಾರ್‌ಗಿಂತ ಕೆಳಗೆ ಕುರುಡು. ಅಂತಿಮ ಫಲಿತಾಂಶದ ಕೆಲವು ಮಾದರಿಗಳನ್ನಾದರೂ ಎಚ್‌ಪಿಎಲ್‌ಸಿಯಲ್ಲಿ (ದ್ರವದೊಳಗಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ), ಕೈನುರೆನಿನನ್ನು 360 ನ್ಯಾನೊಮೀಟರ್‌ನಲ್ಲೂ ಟ್ರಿಪ್ಟೋಫ್ಯಾನನ್ನು 280ರಲ್ಲೂ ನೋಡಿ ದೃಢಪಡಿಸಬೇಕು. ಒಂದರ ಇಳಿಕೆ ಇನ್ನೊಂದರ ಏರಿಕೆಗೆ ಸರಿಹೊಂದಿದಾಗ ಲೆಕ್ಕ ಮುಗಿಯುತ್ತದೆ. ಹೊಂದದಿದ್ದರೆ ಕೈನುರೆನಿನ್ ಮುಂದಿನ ಹೆಜ್ಜೆಗಳಿಗೆ ಹೋಗುತ್ತಿದೆ, ಅಥವಾ ಟ್ರಿಪ್ಟೋಫ್ಯಾನ್ ಬೇರೆ ದಾರಿ ಹಿಡಿದಿದೆ. ಐಎಲ್4ಐ1 ಎಂಬ ಕಿಣ್ವವೂ ಟ್ರಿಪ್ಟೋಫ್ಯಾನನ್ನು ಬಳಸಿ ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರನ್ನು ಎಬ್ಬಿಸುತ್ತದೆ ಎಂದು 2020ರಲ್ಲಿ ಪ್ರಕಟವಾಗಿದೆ, ಅದು ಕೈನುರೆನಿನ್ ತಯಾರಿಸುವುದಿಲ್ಲ.

ಟಿ ಕೋಶಗಳ ಎದುರು

ಮೇಲಿನ ಅಳತೆಗಳು ಮೂರು ಬಾರಿ ಒಂದೇ ರೀತಿ ಬರುವ ತನಕ ಟಿ ಕೋಶಗಳ ಪ್ರಯೋಗಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಕ್ತ ಕೊಟ್ಟವರ ಶ್ರಮವನ್ನೂ ವಿಶ್ವಾಸವನ್ನೂ ಅರ್ಧ ಸಿದ್ಧತೆಯ ಪ್ರಯೋಗಕ್ಕೆ ಖರ್ಚು ಮಾಡುವುದು ಸರಿಯಲ್ಲ.

ಕೋಶಗಳನ್ನು ನೇರವಾಗಿ ಬೆರೆಸುವ ಬದಲು ಮೊದಲು ಅವು ಬೆಳೆದ ಮೀಡಿಯಂ ಅನ್ನು ಮಾತ್ರ ಕೊಟ್ಟು ನೋಡಬೇಕು. ಹೆಕ್293 ಕೋಶ ಬೇರೆ ವ್ಯಕ್ತಿಯದಾದುದರಿಂದ ನೇರ ಬೆರಕೆಯಲ್ಲಿ ಟಿ ಕೋಶಗಳು ಅದನ್ನೇ ಪರಕೀಯವೆಂದು ಗುರುತಿಸಿ ಕೆರಳಬಹುದು. ರಕ್ತದಿಂದ ಫೈಕೋಲ್ ಎಂಬ ದಟ್ಟ ದ್ರಾವಣದ ಮೇಲೆ ಬೇರ್ಪಡಿಸಿದ ಕೋಶಗಳಿಗೆ ಸಿಎಫ್‌ಎಸ್‌ಇ ಬಣ್ಣ (ಪ್ರತಿ ವಿಭಜನೆಗೂ ಅರ್ಧವಾಗುತ್ತದೆ) ತುಂಬಿ, ಟಿ ಕೋಶದ ಮೇಲ್ಮೈಯ ಸಿಡಿ3 ಮತ್ತು ಸಿಡಿ28 ವಿರುದ್ಧದ ಪ್ರತಿಕಾಯಗಳಿಂದ ಪ್ರಚೋದಿಸಿ, ಮೂರು-ನಾಲ್ಕು ದಿನಗಳ ನಂತರ ಎಷ್ಟು ಸಲ ವಿಭಜನೆಯಾಗಿವೆ ಎಂದು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ ನೋಡಬೇಕು.

ಹೋಲಿಕೆಗೆ ಹೊಸ ಮೀಡಿಯಂ ಬಳಸಬಾರದು, ಏಕೆಂದರೆ ಕೋಶ ಬೆಳೆದ ಮೀಡಿಯಂನಲ್ಲಿ ಗ್ಲೂಕೋಸ್ ಕಡಿಮೆಯಾಗಿ ಲ್ಯಾಕ್ಟೇಟ್ ಏರಿರುತ್ತದೆ. ನಿಷ್ಕ್ರಿಯ ಐಡಿಒ1 ಕೋಶದ ಮೀಡಿಯಂ ಸರಿಯಾದ ಹೋಲಿಕೆ. ಸಹಜ ಐಡಿಒ1 ಕೋಶದ ಮೀಡಿಯಂನಲ್ಲಿ ಟಿ ಕೋಶಗಳ ವಿಭಜನೆ ಕುಂದಿದರೆ ಎರಡು ಕಾರಣಗಳು ಸಾಧ್ಯ: ಟ್ರಿಪ್ಟೋಫ್ಯಾನಿನ ಕೊರತೆ, ಅಥವಾ ಕೈನುರೆನಿನಿನ ಹೆಚ್ಚಳ. ಕೊರತೆಯನ್ನು ಜಿಸಿಎನ್2 ಎಂಬ ಕಿಣ್ವ ಗ್ರಹಿಸುತ್ತದೆ. ಕೈನುರೆನಿನ್ ಎಲ್‌ಎಟಿ1 ಸಾಗಣೆಕಾರದ ಮೂಲಕ ಒಳಹೊಕ್ಕು ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರನ್ನು ತಲುಪುತ್ತದೆ. ಇವೆರಡನ್ನು ಬೇರ್ಪಡಿಸಲು ಆ ಮೀಡಿಯಂಗೆ ಕಳೆದುಹೋದಷ್ಟು ಟ್ರಿಪ್ಟೋಫ್ಯಾನ್ ಮರಳಿ ಸೇರಿಸಿದ ಒಂದು ಗುಂಪು, ಮತ್ತು ನಿಷ್ಕ್ರಿಯ ಕೋಶದ ಮೀಡಿಯಂಗೆ ಅಳೆದು ಕಂಡಷ್ಟೇ ಕೈನುರೆನಿನ್ ಸೇರಿಸಿದ ಇನ್ನೊಂದು ಗುಂಪು ಬೇಕು. ಅಳೆದು ಕಂಡಷ್ಟೇ ಎಂಬುದನ್ನು ಒತ್ತಿ ಹೇಳುತ್ತೇನೆ. ಮನುಷ್ಯರ ಪ್ಲಾಸ್ಮಾದಲ್ಲಿ ಕೈನುರೆನಿನ್ 2 ಮೈಕ್ರೊಮೋಲಾರ್ ಆಸುಪಾಸಿನಲ್ಲಿರುತ್ತದೆ. ನೂರಾರು ಮೈಕ್ರೊಮೋಲಾರ್ ಸುರಿದು ಟಿ ಕೋಶ ಸತ್ತಿತು ಎನ್ನುವುದರಿಂದ ಗಡ್ಡೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಬೆಳಕಿನ ವಿಷಯದಲ್ಲೂ ಎಚ್ಚರ ಬೇಕು. ಟ್ರಿಪ್ಟೋಫ್ಯಾನ್ ಇರುವ ಮೀಡಿಯಂ ಬೆಳಕಿಗೆ ಬಿದ್ದರೆ ಅದರಲ್ಲಿ ಎಫ್‌ಐಸಿಝಡ್ ಎಂಬ ವಸ್ತು ಹುಟ್ಟುತ್ತದೆ, ಅದು ಅತ್ಯಲ್ಪ ಪ್ರಮಾಣದಲ್ಲೇ ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರನ್ನು ಎಬ್ಬಿಸುತ್ತದೆ. ಸಮುದ್ರದ ಕಡೆಗೆ ದೊಡ್ಡ ಕಿಟಕಿಗಳಿರುವ ಕೋಣೆಯಲ್ಲಿ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಇಟ್ಟ ಮೀಡಿಯಂ ಬಾಟಲಿಯು ಯಾವ ಕಿಣ್ವವೂ ಇಲ್ಲದೆ ಆ ರಿಸೆಪ್ಟರ್ ಎದ್ದಾಗ ಏರುವ ಸಿವೈಪಿ1ಎ1 ಜೀನನ್ನು ಏರಿಸಬಲ್ಲದು. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಫ್ರಿಜ್ಜಿನಲ್ಲಿಡಬೇಕು.

ಮಳೆಗಾಲ, ಸಾಗಾಟ, ಶೇಖರಣೆ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯ ತೇವವೇ ದೊಡ್ಡ ತೊಂದರೆ. ರಟ್ಟಿನ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಅವನ್ನು ಕೋಶ ಕೃಷಿಯ ಕೋಣೆಯೊಳಗೆ ತರಬಾರದು. ಇನ್ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ ಅದಕ್ಕೆ ಮೈಲುತುತ್ತ ಹಾಕಬೇಕು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ತಿಂಗಳಿಗೊಮ್ಮೆ ಆಗಲೇಬೇಕು: ಅದಕ್ಕೆ ಕೋಶಭಿತ್ತಿ ಇಲ್ಲದುದರಿಂದ ಪೆನಿಸಿಲಿನ್ ತಾಗುವುದಿಲ್ಲ, ಕಣ್ಣಿಗೆ ಕಾಣದೆ ಮೀಡಿಯಂನ ಅಮೈನೋ ಆಮ್ಲಗಳನ್ನು ತಿನ್ನುತ್ತದೆ, ಅಮೈನೋ ಆಮ್ಲವನ್ನೇ ಅಳೆಯುವ ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಕರೆಂಟ್ ಹೋದಾಗ ಇನ್ಕ್ಯುಬೇಟರಿನ ಬಾಗಿಲು ತೆರೆಯಬಾರದು. ಇಡೀ ದಿನ ಕರೆಂಟ್ ಇಲ್ಲದ ಸಂದರ್ಭಕ್ಕೆ, ಇಂಗಾಲದ ಡೈಆಕ್ಸೈಡ್ ಬೇಡದ ಲೈಬೊವಿಟ್ಜ್ ಎಲ್-15 ಮೀಡಿಯಂನಲ್ಲಿ ಒಂದು ಫ್ಲಾಸ್ಕನ್ನು ಮುಚ್ಚಳ ಬಿಗಿಮಾಡಿ ಇಟ್ಟರೆ ಕೋಶ ಉಳಿಯುತ್ತದೆ; ಆದರೆ ಅದರ ಟ್ರಿಪ್ಟೋಫ್ಯಾನ್ ಪ್ರಮಾಣ ಬೇರೆಯಾದುದರಿಂದ, ಹಾಗೆ ಉಳಿಸಿದ ಕೋಶಗಳನ್ನು ಎಂದಿನ ಮೀಡಿಯಂಗೆ ಮರಳಿಸಿ ಒಂದೆರಡು ಸಲ ಪಾಸೇಜ್ ಮಾಡಿದ (ಹೊಸ ಫ್ಲಾಸ್ಕಿಗೆ ಹಂಚಿ ಬೆಳೆಸಿದ) ಮೇಲಷ್ಟೇ ಅಳತೆಗೆ ತೆಗೆದುಕೊಳ್ಳಬೇಕು.

ಫ್ಲೋ ಸೈಟೊಮೀಟರ್ ಮತ್ತು ಎಚ್‌ಪಿಎಲ್‌ಸಿಗಾಗಿ ಹುಬ್ಬಳ್ಳಿ-ಧಾರವಾಡ ಅಥವಾ ಮಣಿಪಾಲದ ಕಡೆ ಹೋಗುವವರು ಕೋಶಗಳನ್ನು ಫಿಕ್ಸ್ ಮಾಡಿಯೇ (ರಾಸಾಯನಿಕದಿಂದ ಸ್ಥಿರಗೊಳಿಸಿಯೇ) ಒಯ್ಯಬೇಕು, ಮೀಡಿಯಂ ಮಾದರಿಗಳನ್ನು ಹೆಪ್ಪುಗಟ್ಟಿಸಿ ಡ್ರೈ ಐಸ್‌ನಲ್ಲಿ ಒಯ್ಯಬೇಕು. ಜೀವಂತ ಕೋಶಗಳನ್ನು ಮಳೆಗಾಲದಲ್ಲಿ ಸಾಗಿಸುವ ಯೋಜನೆಯನ್ನೇ ಹಾಕಿಕೊಳ್ಳಬಾರದು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ರಾಷ್ಟ್ರೀಯ ಹೆದ್ದಾರಿ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ; ಅರಬೈಲ್ ಮತ್ತು ದೇವಿಮನೆ ಘಟ್ಟಗಳ ಸ್ಥಿತಿಯೂ ಮಳೆ ಜೋರಾದಾಗ ಭರವಸೆ ಇಡುವಂಥದ್ದಲ್ಲ.

ಹೊಸ ಸೆಲ್ ಲೈನ್ ಸಿದ್ಧವಾದ ಕೂಡಲೇ, ಯಾವ ಪ್ರಯೋಗಕ್ಕೂ ಬಳಸುವ ಮೊದಲು, ಕನಿಷ್ಠ ಹತ್ತು ವಯಲ್‌ಗಳನ್ನು ಶೇಕಡಾ 10ರ ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ದ್ರವ) ಜೊತೆ ದ್ರವ ಸಾರಜನಕದಲ್ಲಿಡಬೇಕು. ಜಿಲ್ಲೆಗೆ ದ್ರವ ಸಾರಜನಕ ಹೊಸದಲ್ಲ. ದನಗಳ ಕೃತಕ ಗರ್ಭಧಾರಣೆಗಾಗಿ ಪಶು ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ, ಎಲ್ಲಿಂದ ಮತ್ತು ಎಷ್ಟು ದಿನಕ್ಕೊಮ್ಮೆ ತರಿಸುತ್ತಾರೆ ಎಂದು ಅವರಲ್ಲಿ ವಿಚಾರಿಸಿ ನಮ್ಮ ಪೂರೈಕೆಯನ್ನೂ ಹೊಂದಿಸಿಕೊಳ್ಳಬಹುದು. ವಯಲ್‌ಗಳಲ್ಲಿ ಅರ್ಧವನ್ನು ಘಟ್ಟದ ಮೇಲಿನ ಇನ್ನೊಂದು ಪ್ರಯೋಗಾಲಯದ ಪಾತ್ರೆಯಲ್ಲಿಡಬೇಕು. ಪ್ರತಿ ವಯಲಿನ ಮೇಲೆ ಮೂಲ ಕೋಶ, ಸೇರಿಸಿದ ಜೀನ್, ಆಯ್ಕೆಗೆ ಬಳಸಿದ ಔಷಧ, ಪಾಸೇಜ್ ಸಂಖ್ಯೆ ಮತ್ತು ದಿನಾಂಕ ಇರಬೇಕು. ಕರಗಿಸಿ ತೆಗೆದ ಕೋಶವನ್ನು ಇಪ್ಪತ್ತು ಪಾಸೇಜ್‌ಗಿಂತ ಹೆಚ್ಚು ಓಡಿಸದೆ, ಪ್ರತಿ ಸಲ ಹೊಸ ವಯಲ್ ತೆರೆದಾಗಲೂ ಡಾಕ್ಸಿಸೈಕ್ಲಿನ್ ಹಾಕಿದ ಮತ್ತು ಹಾಕದ ಕುಳಿಗಳ ಕೈನುರೆನಿನನ್ನು ಒಮ್ಮೆ ಅಳೆದು, ಮೊದಲ ದಿನದ ಅಂಕಿಯ ಪಕ್ಕದಲ್ಲೇ ಅದನ್ನು ಪುಸ್ತಕದಲ್ಲಿ ಬರೆದಿಡಬೇಕು.